ಮುಳಬಾಗಿಲು ಮೇಜಿನ ಸೊನ್ನೆಗಳು

ಕೋಲಾರದ ಆ ಕೇಂದ್ರಕ್ಕೆ ನಾನು ಹೋದದ್ದು ಯಂತ್ರದಲ್ಲಿ ದೋಷವಿಲ್ಲ ಎಂದು ತೋರಿಸುವುದಕ್ಕೆ, ದೋಷವಿದೆಯೇ ಎಂದು ಹುಡುಕುವುದಕ್ಕಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಬೆಂಗಳೂರಿನ ನಮ್ಮ ಸಣ್ಣ ಕಂಪನಿಯ ಮಾಲೀಕರು, "ಎರಡು ದಿನ ಇದ್ದು, ಎಲ್ಲ ಸರಿಯಿದೆ ಅಂತ ಒಂದು ರಿಪೋರ್ಟ್ ಬರೆದುಕೊಟ್ಟು ಬಾಪ್ಪ" ಎಂದಿದ್ದರು. ನಾನು ಎರಡು ಜೊತೆ ಬಟ್ಟೆ ತುರುಕಿಕೊಂಡು ಬಸ್ಸು ಹತ್ತಿದೆ. ಅಲ್ಲಿ ಇದ್ದದ್ದು ಮೂರು ವಾರ.

ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಆ ಕೇಂದ್ರದಲ್ಲಿ ರೇಷ್ಮೆ ಚಿಟ್ಟೆಗಳ ಪರೀಕ್ಷೆ ನಡೆಯುತ್ತಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೊಟ್ಟೆ ಮನೆಗಳಿಂದ, ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಗಳು ರಟ್ಟಿನ ಡಬ್ಬಗಳಲ್ಲಿ ಬೆಳಗಿನ ಬಸ್ಸಿಗೆ ಬರುತ್ತಿದ್ದವು. ಅವನ್ನು ಪುಟ್ಟ ಒರಳಿನಲ್ಲಿ ಅರೆದು, ಒಂದು ಹನಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗದ ಕಣ ಕಂಡರೆ ಆ ಲಾಟಿನ ಮೊಟ್ಟೆಯನ್ನೆಲ್ಲ ಸುಡುತ್ತಿದ್ದರು. ಕಾಣದಿದ್ದರೆ ಮೊಟ್ಟೆ ರೈತರ ಮನೆಗೆ ಹೋಗುತ್ತಿತ್ತು.

ಒಂದೊಂದು ತಾಲ್ಲೂಕಿಗೆ ಒಂದೊಂದು ಮೇಜು, ಒಬ್ಬೊಬ್ಬ ಪರೀಕ್ಷಕಿ, ತೆರೆ ಮತ್ತು ಕೀಲಿಮಣೆ ಇರುವ ಒಂದೊಂದು ಟರ್ಮಿನಲ್. ನಾಲ್ಕು ಟರ್ಮಿನಲ್‌ಗಳ ತಂತಿಗಳೂ ಮೂಲೆಯ ಕೋಣೆಯಲ್ಲಿದ್ದ ನಮ್ಮ ಕಂಪ್ಯೂಟರಿಗೆ ಸೇರುತ್ತಿದ್ದವು. ಪರೀಕ್ಷಕಿ ಮೊದಲು ಫಲಿತಾಂಶವನ್ನು ಚೀಟಿಯಲ್ಲಿ ಬರೆದು, ಆಮೇಲೆ ಟೈಪು ಮಾಡುತ್ತಿದ್ದಳು: ರೋಗವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ತಂತಿಗಳ ಕೊನೆಯ ಬೋರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮ್ ಬರೆದವನು ನಾನು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ತಕರಾರು ಮುಳಬಾಗಿಲು ಮೇಜಿನದು. ಮೊಟ್ಟೆ ಹೊರಗೆ ಹೋಗುವ ಮುಂಚೆ ಕೆಲವು ಲಾಟುಗಳನ್ನು ಮತ್ತೆ ಪರೀಕ್ಷಿಸುವುದು ಅಲ್ಲಿನ ರೂಢಿ. ಕಂಪ್ಯೂಟರು ಸೊನ್ನೆ ಎಂದು ಮುದ್ರಿಸಿದ್ದ ಮುಳಬಾಗಿಲಿನ ಲಾಟುಗಳಲ್ಲಿ ಹಲವು ಸಲ ರೋಗ ಸಿಕ್ಕಿತ್ತು. ಆ ಮೇಜಿನ ಹಿರಿಯ ಪರೀಕ್ಷಕಿ ಹದಿನೆಂಟು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತವರು. ಮುಳಬಾಗಿಲಿನ ಪುರೋಹಿತರ ಮನೆಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಚೀಟಿಗಳಲ್ಲಿ ಒಂದು ಎಂದೇ ಇತ್ತು. ಕೇಂದ್ರದ ಮುಖ್ಯಸ್ಥರು ಅದನ್ನು ನಂಬಲಿಲ್ಲ. "ಚೀಟಿ ಆಮೇಲೂ ಬರೀಬಹುದಲ್ರೀ. ಕಂಪ್ಯೂಟರ್ ಯಾಕೆ ಸುಳ್ಳು ಹೇಳುತ್ತೆ?" ಎಂದರು. ಎರಡು ವಾರದಾಚೆಗೆ ವಿಚಾರಣೆ ಇಟ್ಟಿದ್ದರು. ಅದರಲ್ಲಿ ಯಂತ್ರ ಸರಿಯಿದೆ ಎಂದು ತೀರ್ಮಾನವಾದರೆ ಆಕೆಯನ್ನು ಸೂಕ್ಷ್ಮದರ್ಶಕದಿಂದ ಎಬ್ಬಿಸಿ ಡಬ್ಬ ತೊಳೆಯುವ ವಿಭಾಗಕ್ಕೆ ಹಾಕುವುದು ಖಚಿತವಾಗಿತ್ತು.

ಮೊದಲ ಮೂರು ದಿನ ನಾನು ಮಾಡಿದ್ದೆಲ್ಲ ಪುಸ್ತಕದ ಪ್ರಕಾರವೇ. ತಂತಿಗಳ ತುದಿ ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದೆ. ವೋಲ್ಟೇಜು ಏರಿಳಿತದ ಮೇಲೆ ಗುಮಾನಿಪಟ್ಟು ಮೀಟರು ಹಿಡಿದು ಕೂತೆ. ಮಾಲೂರಿನ ತಂತಿಯನ್ನು ಮುಳಬಾಗಿಲಿಗೆ, ಮುಳಬಾಗಿಲಿನದನ್ನು ಮಾಲೂರಿಗೆ ಅದಲು ಬದಲು ಮಾಡಿದೆ. ದೋಷ ತಂತಿಯಲ್ಲಿದ್ದರೆ ಅದರ ಹಿಂದೆ ಮಾಲೂರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮರುಪರೀಕ್ಷೆಯಲ್ಲಿ ಸಿಕ್ಕಿದ ಮುಂದಿನ ತಪ್ಪು ಸೊನ್ನೆಯೂ ಮುಳಬಾಗಿಲು ಮೇಜಿನದೇ. ತಂತಿ, ಬೋರ್ಡು ಎರಡೂ ಸರಿ ಎಂದ ಮೇಲೆ ಉಳಿದದ್ದು ಮನುಷ್ಯರು. ನಾನು ಮುಖ್ಯಸ್ಥರ ಕೋಣೆಗೆ ಹೋಗಿ, "ಲೈನ್ ಚೆನ್ನಾಗಿದೆ ಸಾರ್, ಯಂತ್ರದ ಕಡೆಯಿಂದ ಏನೂ ಇಲ್ಲ" ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಹೊರಗೆ ಬಂದರೆ ಆಕೆ ಬಾಗಿಲ ಹತ್ತಿರವೇ ಇದ್ದರು. ಕೇಳಿಸಿರಲೇಬೇಕು. ಜಗಳ ತೆಗೆಯುತ್ತಾರೆ ಎಂದುಕೊಂಡೆ. "ಬಾಪ್ಪ, ಇಷ್ಟು ದಿನ ತಂತಿ ನೋಡ್ದೆ, ಅದರೊಳಗೆ ಹೋಗೋದು ಏನು ಅಂತ ಒಂದ್ಸಲ ನೋಡು" ಎಂದು ಮೇಜಿನ ಹತ್ತಿರ ಕರೆದುಕೊಂಡು ಹೋದರು.

ಸೂಕ್ಷ್ಮದರ್ಶಕದೊಳಗೆ ನನಗೆ ಬರೀ ಕಸ ಕಂಡಿತು. ಆಕೆ ಪಕ್ಕದಲ್ಲಿ ನಿಂತು, "ಎಡಗಡೆ, ಮೇಲೆ. ಹೊಳೀತಿದೆ ನೋಡು, ಉದ್ದಕ್ಕೆ, ರಾಗಿ ಕಾಳಿಗಿಂತ ಕೋಲಾಗಿ" ಎಂದರು. ಕಂಡಿತು. ಒಂದೇ ಒಂದು.

"ಒಂದೇ ಅಲ್ವಾ ಇರೋದು?" ಎಂದೆ.

"ಒಂದು ಸಾಕು. ಹೋಗ್ಲಿ ಒಂದೇ ತಾನೆ ಅಂತ ಸೊನ್ನೆ ಬರೆದ್ರೆ, ನಮ್ಮ ದೇವರಾಯಸಮುದ್ರದಲ್ಲಿ ಯಾರ್ದೋ ಮನೇಲಿ ನಾಲ್ಕನೇ ಜ್ವರಕ್ಕೆ, ಪೊರೆ ಬಿಡೋ ಹೊತ್ತಿಗೆ, ಹುಳ ಎಲ್ಲ ಕಪ್ಪಗಾಗಿ ಹೋಗ್ತದೆ. ನಾನು ಹಂಗ್ ಬರೀತೀನಾ, ನೀನೇ ಹೇಳು."

ಮಾಲೀಕರು ಕೇಳಿದ್ದ ರಿಪೋರ್ಟನ್ನು ನಾನು ಅವತ್ತು ಬರೆಯಲಿಲ್ಲ.

ಮಾರನೆಯ ದಿನದಿಂದ ನಾಲ್ಕೂ ಮೇಜುಗಳ ಬಳಿ ಒಂದೊಂದು ಗಂಟೆ ಸುಮ್ಮನೆ ಕೂತೆ. ಶ್ರೀನಿವಾಸಪುರ ಮೇಜಿನ ಪರೀಕ್ಷಕಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ರೇಷ್ಮೆ ಸಾಕುವ ಮನೆಯವಳು. ಬಾಯಿ ಬಿಟ್ಟರೆ ಕನ್ನಡದ ಜೊತೆ ತೆಲುಗೂ ಬರುತ್ತಿತ್ತು. "ಅಬ್ಬೋ, ಈಗ್ ಬಂದ್ರಾ ಸಾರ್ ಕೇಳೋಕೆ! ಇದು ಒಂದೊಂದ್ ಸಲ ಹಾಕಿದ್ದೇ ಮತ್ತೆ ಹಾಕು ಅಂತದೆ. ನಾನ್ ಒತ್ತದೇ ಇರೋ ಅಕ್ಷರ ತೋರಿಸ್ತದೆ. ಸರಿ ಅಂತ ಅಳಿಸಿ ಮತ್ತೆ ಹೊಡೀತೀನಿ, ಏಂ ಚೇಸ್ತಾಂ, ಏನ್ ಮಾಡೋದು" ಎಂದಳು. ಮಾಲೂರಿನವರಿಗೂ ಹಾಗೆಯೇ ಆಗಿತ್ತು. ಯಾರೂ ದೂರಿರಲಿಲ್ಲ. ಕಂಪ್ಯೂಟರ್ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದರು.

ಅಲ್ಲಿ ನನಗೆ ಮೊದಲ ಸಲ ನನ್ನ ಕೆಲಸದ ಮೇಲೇ ಗುಮಾನಿ ಬಂತು. ಒಂದು ಮೇಜಿನ ಅಕ್ಷರ ಇನ್ನೊಂದು ಮೇಜಿಗೆ ಹೋಗುತ್ತಿದ್ದರೆ, ದೋಷ ತಂತಿಯದೂ ಅಲ್ಲ, ಬೆರಳಿನದೂ ಅಲ್ಲ. ಅಕ್ಷರಗಳು ಒಟ್ಟು ಸೇರುವ ಜಾಗ ಒಂದೇ, ಅದು ನನ್ನ ಡ್ರೈವರ್. ಮುಳಬಾಗಿಲಿನಲ್ಲಿ ಆ ಹಂಗಾಮಿಗೆ ರೋಗ ಹೆಚ್ಚು. ಬೇರೆ ಮೇಜಿನ ಸೊನ್ನೆ ಅಲ್ಲಿಗೆ ಬಂದು ಬಿದ್ದರೆ ಮರುಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಹೊಡೆದ 'ಒಂದು' ಬೇರೆ ಮೇಜಿಗೆ ಬಿದ್ದರೆ ಆ ಒಳ್ಳೆಯ ಲಾಟನ್ನು ಸುಟ್ಟುಬಿಡುತ್ತಾರೆ, ಸುಟ್ಟದ್ದನ್ನು ಯಾರು ಮರುಪರೀಕ್ಷೆ ಮಾಡುತ್ತಾರೆ? ಸಿಕ್ಕಿಬೀಳುತ್ತಿದ್ದವರು ಆ ಒಬ್ಬರೇ.

ಪ್ರತಿ ದಾಖಲೆಯ ಜೊತೆ ಹೊತ್ತೂ ನಮೂದಾಗುತ್ತಿತ್ತು. ತಪ್ಪೆಂದು ಗೊತ್ತಾಗಿದ್ದ ದಾಖಲೆಗಳ ಹೊತ್ತನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಮೊದಲು ತಲೆಬುಡ ತಿಳಿಯಲಿಲ್ಲ. ವಾರದ ಪ್ರಕಾರ ಜೋಡಿಸಿದರೆ ವಿಚಿತ್ರವಾಗಿ ಸಾಲುಗೂಡಿತು. ಮಂಗಳವಾರದವೆಲ್ಲ ಸಂಜೆ ನಾಲ್ಕೂವರೆ ದಾಟಿದ ಮೇಲೆ. ಬುಧವಾರದವು ಮಧ್ಯಾಹ್ನ ಒಂದೂವರೆಯ ನಂತರ. ಗುರುವಾರ ಮೂರರ ಮೇಲೆ, ಶುಕ್ರವಾರ ಹನ್ನೆರಡರ ಮೇಲೆ, ಶನಿವಾರ ಹತ್ತೂವರೆಯ ಮೇಲೆ. ಸೋಮವಾರ ಒಂದೂ ಇಲ್ಲ. ವಿದ್ಯುತ್ ಮಂಡಳಿಯ ವೇಳಾಪಟ್ಟಿ ಇರಬಹುದೇ ಎಂದು ಕಚೇರಿಯ ಹಳೆಯ ಕಾಗದಗಳನ್ನು ಅರ್ಧ ದಿನ ತಡಕಾಡಿದೆ. ಮನೆಯಲ್ಲಿ ಪಂಚಾಂಗ ನೋಡುತ್ತಿದ್ದವರು ಅಜ್ಜಿ. ನಾನು ಅದನ್ನು ನೋಡದ ಬುದ್ಧಿವಂತ.

ಹಾಳೆಯನ್ನು ಹಿರಿಯ ಪರೀಕ್ಷಕಿಯ ಮೇಜಿನ ಮೇಲೆ ಹರಡಿ, "ಈ ಹೊತ್ತುಗಳಲ್ಲಿ ಇಲ್ಲಿ ಏನಾದರೂ ನಡೆಯುತ್ತಾ?" ಎಂದು ಕೇಳಿದೆ. ಆಕೆ ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದಿದರು. ಓದಿ ಮುಗಿದ ಮೇಲೂ ಬೆರಳು ತೆಗೆಯಲಿಲ್ಲ. ಬಾಗಿಲು ಮುಂದಕ್ಕೆ ಹಾಕಿ ಬಂದರು.

"ಇದು ರಾಹುಕಾಲ ಬಿಡೋ ಹೊತ್ತು ಕಣಪ್ಪ."

ನಾನು ಹಾಳೆಯನ್ನು ನನ್ನ ಕಡೆ ತಿರುಗಿಸಿಕೊಂಡು ಮತ್ತೆ ಓದಿದೆ.

"ಒಳ್ಳೇದೋ ಕೆಟ್ಟದ್ದೋ, ತೀರ್ಪು ಬರೆಯೋದನ್ನ ರಾಹುಕಾಲದಲ್ಲಿ ಶುರು ಮಾಡಬಾರದು ಅಂತ ನಮ್ಮನೇಲಿ. ಅದಕ್ಕೆ ಐದು ನಿಮಿಷ ಮುಂಚೆ ಮುಂದಿನ ಲಾಟಿನ ಮೊದಲ್ನೇ ಸಾಲು ಟೈಪ್ ಮಾಡಿಬಿಡ್ತೀನಿ. ಶುರುವಾದಂಗಾಯ್ತಲ್ಲ. ಆಮೇಲೆ ಟರ್ಮಿನಲ್ ಆಫ್ ಮಾಡ್ತೀನಿ. ಉರೀತಿದ್ರೆ ಯಾರಾದ್ರೂ ಬಂದು ಒತ್ತಿಬಿಡ್ತಾರೆ. ಒಂದೂವರೆ ಗಂಟೆ ಬರೀ ಗಾಜು ನೋಡ್ತೀನಿ, ಚೀಟಿ ಬರೀತೀನಿ. ಬಿಟ್ಟ ಮೇಲೆ ಆನ್ ಮಾಡಿ ಎಲ್ಲಾ ಹೊಡೀತೀನಿ. ಸೋಮವಾರ ನಾವು ಬಂದು ಕೂರೋ ಹೊತ್ತಿಗೆ ಬಿಟ್ಟಿರ್ತದೆ. ಶನಿವಾರ ಒಂಬತ್ತಕ್ಕೇ ಹಿಡೀತದೆ ಅಂತ ಅವತ್ತು ಬೇಗ ಬರ್ತೀನಿ."

"ಇದನ್ನ ಯಾರಿಗೂ ಹೇಳಿಲ್ವಾ?"

"ಹೇಗ್ ಹೇಳ್ಲಿ? ವಿಜ್ಞಾನದ ಕೆಲಸ ಮಾಡೋಳು ರಾಹುಕಾಲ ನೋಡ್ತಾಳೆ ಅಂತ ಅವರು ನಗೋದು ಬೇರೆ. ಈಗ ಹೇಳಿದ್ರೆ ಕೊರಳಿಗೇ ಬರ್ತದೆ ಅಂತ ನಂಗೂ ಗೊತ್ತು. ಆದ್ರೆ ನೀನು ಕೇಳ್ದೆ. ಹುಡುಕ್ತಾ ಇದೀಯ. ಮುಚ್ಚಿಟ್ರೆ ನಿನಗೆ ಹೆಂಗ್ ಸಿಗ್ತದೆ?"

ಆ ಕ್ಷಣದ ಋಣ ದೊಡ್ಡದು. ಸುಮ್ಮನಿದ್ದಿದ್ದರೆ ನಾನು ಇನ್ನೊಂದು ತಿಂಗಳು ವೋಲ್ಟೇಜು ಅಳೆಯುತ್ತಿದ್ದೆ. ನಾಲ್ಕು ದಿನದ ಹಿಂದೆ ತನ್ನ ವಿರುದ್ಧ ಸಾಕ್ಷಿ ಹೇಳಿದವನ ಕೈಗೆ ಆಕೆ ತನ್ನ ಗುಟ್ಟನ್ನು ಕೊಟ್ಟರು.

ಇನ್ನು ನನ್ನ ಕೆಲಸ. ಟರ್ಮಿನಲ್‌ನಲ್ಲಿ ಒತ್ತಿದ ಅಕ್ಷರಗಳು ಕಂಪ್ಯೂಟರಿನ ನೆನಪಿನಲ್ಲಿ ಬಫರ್ ಎಂಬ ಸಣ್ಣ ತುಂಡಿನಲ್ಲಿ ಕೂರುತ್ತವೆ. ಒಂದು ಬಫರನ್ನು ಇಬ್ಬರು ಹಿಡಿದಿರುತ್ತಾರೆ: ಅಕ್ಷರ ತುಂಬುವ ಭಾಗ ಒಂದು, ಅದನ್ನು ಓದಲು ಕಾಯುವ ಭಾಗ ಇನ್ನೊಂದು. ಹಿಡಿದಾಗ ಎಣಿಕೆಗೆ ಒಂದು ಕೂಡಿಸಬೇಕು, ಬಿಟ್ಟಾಗ ಒಂದು ಕಳೆಯಬೇಕು. ಎಣಿಕೆ ಸೊನ್ನೆಯಾದರೆ ಯಾರಿಗೂ ಬೇಡವೆಂದು ಅರ್ಥ, ಬಫರ್ ಬೇರೆ ಮೇಜಿಗೆ ಸಿಗುತ್ತದೆ.

ಎಲ್ಲ ಜಾಗದಲ್ಲೂ ಈ ಎಣಿಕೆಯನ್ನು ಮುದ್ರಿಸುವಂತೆ ಡ್ರೈವರಿಗೆ ಸಾಲುಗಳನ್ನು ಸೇರಿಸಿದೆ. ಡ್ರೈವರ್ ಮುಟ್ಟಿದರೆ ಇಡೀ ಸಿಸ್ಟಮ್ಮನ್ನು ಮತ್ತೆ ಜೋಡಿಸಿ ಯಂತ್ರವನ್ನು ಹೊಸದಾಗಿ ಶುರು ಮಾಡಬೇಕಿತ್ತು, ಅದಕ್ಕೆ ಮುಕ್ಕಾಲು ಗಂಟೆ. ಬುಧವಾರ ಕಾಗದ ಸಿಕ್ಕಿಹಾಕಿಕೊಂಡು ಮುದ್ರಣವೇ ಹಾಳಾಯಿತು. ಗುರುವಾರ ರಾಹುಕಾಲದ ಮಧ್ಯೆ ಕರೆಂಟು ಹೋಯಿತು. ಶ್ರೀನಿವಾಸಪುರದವಳು, "ರಾಹುಕಾಲದಲ್ಲಿ ಶುರು ಮಾಡಿದ್ರೆ ಇಂಗೇ ಸಾರ್" ಎಂದು ನಕ್ಕಳು. ಗುಟ್ಟು ಆ ಹೊತ್ತಿಗೆ ನಾಲ್ಕೂ ಮೇಜಿಗೆ ಗೊತ್ತಾಗಿತ್ತು. ಮುಖ್ಯಸ್ಥರಿಗೊಬ್ಬರಿಗೆ ಗೊತ್ತಿರಲಿಲ್ಲ.

ಶುಕ್ರವಾರ ಹತ್ತು ಇಪ್ಪತ್ತೈದಕ್ಕೆ ಆಕೆ ಮೊದಲ ಸಾಲು ಟೈಪು ಮಾಡಿ ಸ್ವಿಚ್ಚು ಆರಿಸಿದರು. ನಾನು ಮುದ್ರಣ ಯಂತ್ರದ ಮುಂದೆ ಕೂತಿದ್ದೆ. ಆ ತುದಿ ಹೋಯಿತೆಂಬ, ಅಂದರೆ ಟರ್ಮಿನಲ್ ಆರಿತೆಂಬ, ಸೂಚನೆ ಬಂದ ಕೂಡಲೇ ಎಣಿಕೆ ಎರಡರಿಂದ ಒಂದಾಯಿತು, ಒಂದರಿಂದ ಸೊನ್ನೆಯಾಯಿತು: ತುಂಬುವ ಭಾಗ ತನ್ನ ಪಾಲಿನ ಜೊತೆ ಓದುವ ಭಾಗದ ಪಾಲನ್ನೂ ಕಳೆದಿತ್ತು. ಬಫರ್ ಖಾಲಿ ಎಂದು ಮಾಲೂರು ಮೇಜು ಎತ್ತಿಕೊಂಡಿತು. ಈಗ ಅದರ ಎಣಿಕೆ ಎರಡು. ಆಗ ಮುಳಬಾಗಿಲಿನ ಓದುವ ಭಾಗ ತಡವಾಗಿ ಎಚ್ಚೆತ್ತು, ಮನೆಗೆ ಹೋಗುವ ಮುಂಚೆ ತನ್ನ ಪಾಲಿನ ಒಂದನ್ನು ಕಳೆಯಿತು. ಅದರ ಪಾಲನ್ನು ಆಗಲೇ ಕಳೆದಾಗಿತ್ತು. ಈ ಸಲ ಕಳೆದದ್ದು ಮಾಲೂರಿನ ಪಾಲನ್ನು. ಮಾಲೂರಿನ ಓದುವ ಭಾಗ ಒಂದು ಸಾಲು ಓದಿ ತನ್ನದನ್ನು ಬಿಟ್ಟಾಗ ಉಳಿದಿದ್ದ ಒಂದೂ ಸೊನ್ನೆಯಾಗಿ, ಮಾಲೂರು ಇನ್ನೂ ತುಂಬುತ್ತಿರುವಾಗಲೇ ಬಫರ್ ಮತ್ತೆ ಖಾಲಿ ಎಂದಾಯಿತು. ಹನ್ನೆರಡಕ್ಕೆ ಆಕೆ ಟರ್ಮಿನಲ್ ಹಾಕಿದಾಗ ಸಿಕ್ಕಿದ್ದು ಅದೇ ಬಫರ್.

ಇದನ್ನು ಮಹಿಳೆಯರಿಗೆ ವಿವರಿಸಲು ಒದ್ದಾಡುತ್ತಿದ್ದೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಮನೆಮನೆಗಳು ಎರವಲು ಕೊಡುವುದನ್ನು ಕಂಡಿದ್ದ ಶ್ರೀನಿವಾಸಪುರದವಳಿಗೆ ಒಂದೇ ಏಟಿಗೆ ಹೊಳೆಯಿತು. "ಒಬ್ರ ಗೂಡು ಬಿಡಿಸೋ ಮುಂಚೇನೇ ಚಂದ್ರಿಕೆ ಇನ್ನೊಬ್ರಿಗೆ ಕೊಟ್ಬಿಟ್ಟಂಗೆ. ಇಬ್ರ ಹುಳಾನೂ ಒಂದರಲ್ಲೇ ಕಟ್ತಾವೆ. ಅಂತೇ ಕದಾ ಸಾರ್?" ಎಂದಳು. ಅಷ್ಟೇ ಎಂದೆ.

ಸಂಜೆ ಬಾಡಿಗೆ ಕೋಣೆಯಲ್ಲಿ ಡ್ರೈವರಿನ ಪೂರ್ತಿ ಬರಹವನ್ನು ಹರಡಿಕೊಂಡು ಸಾಲು ಸಾಲಾಗಿ ಓದಿದೆ. ಎರಡು ಸಲ ಕಳೆಯುವ ಜಾಗ ಬೇಗ ಸಿಕ್ಕಿತು. ಅದರ ಕೆಳಗೇ ಇನ್ನೊಂದು ಸಾಲಿತ್ತು: ಎಣಿಕೆ ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ ಮಾಡು. ಬರೆದದ್ದು ನಾನೇ. ಯಂತ್ರ ಕೋಲಾರಕ್ಕೆ ಹೊರಡುವ ಹಿಂದಿನ ದಿನ, ಒಂದೇ ಟರ್ಮಿನಲ್ ಇಟ್ಟು ಪರೀಕ್ಷಿಸುವಾಗ, ಎಣಿಕೆ ಸೊನ್ನೆಗಿಂತ ಕೆಳಗೆ ಹೋಗಿದೆ ಎಂಬ ಎಚ್ಚರಿಕೆ ಬಂದಿತ್ತು. ಹೋಗಲಿ, ಒಂದೇ ತಾನೆ ಎಂದುಕೊಂಡು ಈ ಸಾಲು ಹಾಕಿ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದೆ.

ಹೋಗಲಿ, ಒಂದೇ ತಾನೆ. ಆಕೆ ಮೇಜಿನ ಹತ್ತಿರ ಹೇಳಿದ ಮಾತೇ ಅದು. ನನಗೆ ಅವಮಾನವಾಯಿತು. ಹೊಳೆಯುವ ಕಣವನ್ನು ನಾನು ಕಣ್ಣಾರೆ ಕಂಡು ಸೊನ್ನೆ ಬರೆದಿದ್ದೆ.

ಶನಿವಾರ ಮುಖ್ಯಸ್ಥರಿಗೆ ನಡೆದದ್ದನ್ನು ಹೇಳಿದೆ. ರಾಹುಕಾಲದ ವಿಷಯವನ್ನು ಆಕೆಯೇ ಬಂದು ಹೇಳಿದರು. ಮುಖ್ಯಸ್ಥರು ಕುರ್ಚಿಗೆ ಒರಗಿ, "ಅಂದ್ರೆ ಈಯಮ್ಮ ಸ್ವಿಚ್ ಆಫ್ ಮಾಡಿದ್ದೇ ಕಾರಣ ಅಂತಾಯ್ತಲ್ಲ. ಇನ್ಮೇಲೆ ಯಾರೂ ಆರಿಸಬಾರದು ಅಂತ ಬೋರ್ಡ್ ಹಾಕೋಣ. ಇವರ ಮೇಲೆ ಕ್ರಮ ತಗೊಂಡ್ರೆ ಮುಗೀತು" ಎಂದರು. ಪಕ್ಕದ ಕೋಣೆಯಿಂದ ಮಾಲೀಕರಿಗೆ ಟ್ರಂಕ್ ಕಾಲ್ ಮಾಡಿದೆ. ಅವರದೂ ಅದೇ ರಾಗ. "ದೇವರೇ ದಾರಿ ತೋರಿಸಿದ್ದಾನೆ ಕಣೋ. ತೆಪ್ಪಗೆ ಡ್ರೈವರ್ ತಿದ್ದು. ಯಾರದು ತಪ್ಪು ಅಂತ ನಿನ್ನ ಯಾರೂ ಕೇಳ್ತಿಲ್ಲ" ಎಂದು ಫೋನಿಟ್ಟರು.

ನಿಜ, ಯಾರೂ ಕೇಳಿರಲಿಲ್ಲ. ಆಕೆಯನ್ನೂ ಯಾರೂ ರಾಹುಕಾಲದ ಬಗ್ಗೆ ಕೇಳಿರಲಿಲ್ಲ.

ವಾಪಸ್ಸು ಬಂದು ಒಂದು ಹಾಳೆ ಕೇಳಿ ತೆಗೆದುಕೊಂಡೆ. ಟರ್ಮಿನಲನ್ನು ಯಾವ ಹೊತ್ತಿನಲ್ಲಿ ಆರಿಸಿದರೂ ತಾಳಿಕೊಳ್ಳುವುದು ಡ್ರೈವರಿನ ಕೆಲಸ, ಆ ಮೇಜಿಗೊಂದಕ್ಕೇ ಕರೆಂಟು ಹೋದರೂ ಇದೇ ಆಗುತ್ತಿತ್ತು ಎಂದು ಬರೆದೆ. ಎಚ್ಚರಿಕೆ ಮೊದಲೇ ಬಂದಿತ್ತು, ಅದನ್ನು ಮುಚ್ಚಿದವನು ನಾನು, ಪರೀಕ್ಷಕಿಯ ಚೀಟಿಗಳೇ ಸರಿ ಎಂದೂ ಬರೆದೆ. ಮುಖ್ಯಸ್ಥರು ಎರಡು ಸಲ ಓದಿದರು. "ಸಹಿ ಹಾಕಿಲ್ಲ" ಎಂದರು. ಹಾಕಿದೆ. ಅವರು ವಿಚಾರಣೆಯ ಕಡತ ತೆಗೆದು ನನ್ನ ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಪೋಣಿಸಿದರು. ಆಕೆಯ ಕಡೆ ನೋಡದೆ, "ಹೋಗಿ ಮೇಜಿಗೆ, ಲಾಟು ಕಾಯ್ತಾ ಇದಾವೆ" ಎಂದರು. ಆ ಮನುಷ್ಯನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಆಕೆ ಹೊರಗೆ ಬಂದು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಹೋಗಿ ಕೂತರು.

ಮಾಲೀಕರು ಒಂದು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಕೆಲಸದಿಂದ ಮಾತ್ರ ತೆಗೆಯಲಿಲ್ಲ, ಅದಕ್ಕೂ ನಾನು ಕೃತಜ್ಞ.

ತಿದ್ದಿದ್ದು ನಾಲ್ಕೇ ಸಾಲು. ತುದಿ ಹೋದಾಗ ತುಂಬುವ ಭಾಗ ತನ್ನದನ್ನು ಮಾತ್ರ ಬಿಡಬೇಕು, ಓದುವ ಭಾಗ ತಾನೇ ಎದ್ದು ತನ್ನದನ್ನು ಬಿಡಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಬಿಡಕೂಡದು. ಸೊನ್ನೆ ಮಾಡುವ ಸಾಲನ್ನು ಕಿತ್ತೆಸೆದು, ಎಣಿಕೆ ಕೆಳಗೆ ಹೋದರೆ ಯಂತ್ರ ಅಲ್ಲೇ ನಿಂತು ಕೂಗಿಕೊಳ್ಳುವಂತೆ ಮಾಡಿದೆ. ಮುಂದಿನ ವಾರ ಪೂರ್ತಿ ಪರೀಕ್ಷೆ. ಆಕೆ ಪ್ರತಿ ರಾಹುಕಾಲಕ್ಕೂ ಆರಿಸಿದರು. ಬೇರೆ ಮೂವರಿಗೂ ಮನಸ್ಸು ಬಂದಾಗ ಆರಿಸಿ ಎಂದೆ, ಅವರು ಖುಷಿಯಿಂದ ಪಟಪಟ ಆರಿಸಿ ಹಾಕಿ ಆಟವಾಡಿದರು. ಯಂತ್ರ ಕೂಗಲಿಲ್ಲ. ಚೀಟಿಗೂ ಮುದ್ರಣಕ್ಕೂ ಒಂದಕ್ಷರ ವ್ಯತ್ಯಾಸ ಬರಲಿಲ್ಲ.

ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ನನಗೊಂದು ವಿಷಯ ಕೊರೆಯುತ್ತಿತ್ತು. ತುದಿ ಹೋದ ಕೂಡಲೇ ಆ ಮೇಜಿನ ಕೆಲಸವನ್ನು ಮುಚ್ಚಿಬಿಡುವುದು ಯಂತ್ರದ ನಿಯಮ. ಅಂದರೆ ಆಕೆ ರಾಹುಕಾಲಕ್ಕೆ ಮುಂಚೆ ಶ್ರದ್ಧೆಯಿಂದ ಹೊಡೆದ ಮೊದಲ ಸಾಲು ಪ್ರತಿ ಸಲ ಅಳಿಸಿ ಹೋಗುತ್ತಿತ್ತು, ಆಕೆ ಸದ್ದಿಲ್ಲದೆ ಮತ್ತೆ ಹೊಡೆಯುತ್ತಿದ್ದರು. ಎಣಿಕೆ ಸರಿಯಿದೆ ಎಂದು ಖಾತ್ರಿಯಾದ ಮೇಲೆ, ಮುಳಬಾಗಿಲು ಮೇಜಿಗೆ ಮಾತ್ರ ಒಂದು ಬದಲಾವಣೆ ಮಾಡಿದೆ. ತೆರೆ ಆರಿದರೂ ಕೆಲಸ ಮುಚ್ಚದೆ ಕಾಯಬೇಕು. ರಾಹುಕಾಲದ ಮೇಲೆ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆಕೆಯ ಮೇಲೆ ಇತ್ತು.

ಹೊರಡುವ ದಿನ ಶುಕ್ರವಾರ. ಆಕೆಗೆ ಏನೂ ಹೇಳಿರಲಿಲ್ಲ. ಹತ್ತು ಇಪ್ಪತ್ತೈದಕ್ಕೆ ದೇವರಾಯಸಮುದ್ರದ ಲಾಟಿನ ಮೊದಲ ಸಾಲು ಹೊಡೆದು ಆರಿಸಿದರು. ನಾನು ಚೀಲ ಕಟ್ಟಿಕೊಂಡು ಬಂದು, ಹನ್ನೆರಡರವರೆಗೆ ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಹನ್ನೆರಡಾಯಿತು. ಸ್ವಿಚ್ಚು ಹಾಕಿದರು. ತೆರೆ ಕಾದು ಹಸಿರಾಯಿತು. ಮತ್ತೆ ಮೊದಲಿನಿಂದ ಹೊಡೆಯಲು ಚೀಟಿ ಕೈಗೆತ್ತಿಕೊಂಡು ಒಂದು ಕೀಲಿ ಒತ್ತಿದರು. ಬೆಳಿಗ್ಗೆ ಹೊಡೆದಿದ್ದ ಸಾಲು, ಲಾಟಿನ ನಂಬರು ಸಮೇತ, ತೆರೆಯ ಮೇಲೆ ಬಂದು ನಿಂತಿತು.

ಆಕೆ ಚೀಟಿ ಕೆಳಗಿಟ್ಟರು.

"ಇಲ್ಲೇ ಇದೆಯಲ್ಲಪ್ಪ, ನಾನು ಶುರು ಮಾಡಿದ್ದು!"

ಹೌದೆಂದು ತಲೆಯಾಡಿಸಿದೆ. ಬಸ್ಸಿಗೆ ಹೊತ್ತಾಗಿತ್ತು. ಆಕೆ ಆ ಸಾಲಿನ ಕೆಳಗೆ ಮುಂದಿನದನ್ನು ಹೊಡೆಯಲು ಶುರು ಮಾಡಿದ್ದು ನೋಡಿ ಎದ್ದೆ.